ಜಿಲ್ಲೆಯಲ್ಲಿ ಓದಿದ ನಾನು ಹಳ್ಳಿಯಲ್ಲಿ ಏಕೆ ಉಳಿಯಲಿಲ್ಲ

ನನ್ನ ಹಳೆಯ ಕಡತದಲ್ಲಿ ಒಂದು ಹಾಳೆಯಿದೆ. ಒಂದರಿಂದ ಹತ್ತನೆಯ ತರಗತಿಯವರೆಗೆ ನಾನು ಗ್ರಾಮೀಣ ಪ್ರದೇಶದ ಶಾಲೆಗಳಲ್ಲಿಯೇ ಓದಿದ್ದೇನೆಂದು ಮುಖ್ಯೋಪಾಧ್ಯಾಯರು ಬರೆದು, ಕ್ಷೇತ್ರ ಶಿಕ್ಷಣಾಧಿಕಾರಿಗಳು ಮೇಲುಸಹಿ ಹಾಕಿಕೊಟ್ಟ ವ್ಯಾಸಂಗ ಪ್ರಮಾಣ ಪತ್ರ ಅದು. ಆ ಮೇಲುಸಹಿಗಾಗಿ ಅಪ್ಪ ಹೊಲದ ಕೆಲಸ ಬಿಟ್ಟು ಮೂರು ಸಲ ತಾಲ್ಲೂಕಿಗೆ ಹೋಗಿ ಬಂದಿದ್ದರು. ರಾಜ್ಯದ ವೃತ್ತಿಶಿಕ್ಷಣ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15ರಷ್ಟು ಮೀಸಲಾತಿ ಇರುವುದರಿಂದಲೇ ಜಿಲ್ಲಾ ಕೇಂದ್ರವೊಂದರ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ನನಗೆ ಸೀಟು ಸಿಕ್ಕಿತು. ಐದೂವರೆ ವರ್ಷ ಅಲ್ಲಿ ಓದಿದೆ. ಆಮೇಲೆ ಒಂದು ವರ್ಷ ಉತ್ತರ ಕರ್ನಾಟಕದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಡ್ಡಾಯ ಸೇವೆ ಮಾಡಿದೆ. ಈಗ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಜನರಲ್ ಮೆಡಿಸಿನ್ ವಿಭಾಗದಲ್ಲಿದ್ದೇನೆ. ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು, ಹೆಚ್ಚಾಗಿ ಮಧುಮೇಹಕ್ಕೆ ಔಷಧಿ ತರಲು ಹುಬ್ಬಳ್ಳಿಯವರೆಗೆ ಬಸ್ಸಿನಲ್ಲಿ ಹೋಗಿಬರುವ ನನ್ನ ಸೋದರತ್ತೆ, ಒಂದೇ ಪ್ರಶ್ನೆ ಕೇಳುತ್ತಾರೆ: ಓದಿ ಡಾಕ್ಟರಾದ ಮೇಲೆ ಹಳ್ಳಿಯಲ್ಲಿ ಏಕೆ ಉಳಿಯಲಿಲ್ಲ? ಅದಕ್ಕೆ ನಾನು ಇದುವರೆಗೆ ಕೊಟ್ಟ ಉತ್ತರಗಳೆಲ್ಲ ಅರ್ಧಂಬರ್ಧ. ಪೂರ್ತಿ ಉತ್ತರವನ್ನು ಇಲ್ಲಿ ಬರೆಯಲು ಪ್ರಯತ್ನಿಸುತ್ತೇನೆ.

ಡಾಕ್ಟರು ಹಳ್ಳಿಗೆ ಬರುವುದಿಲ್ಲ ಎಂಬ ಮಾತು ಬಂದಾಗ ಜನ ಮೊದಲು ಹೇಳುವ ಕಾರಣ ದುಡ್ಡು. ಅದರಲ್ಲಿ ನಿಜವಿದೆ, ಮುಂದಿನ ವರ್ಷಗಳಲ್ಲಿ ಅದು ಇನ್ನೂ ಹೆಚ್ಚು ನಿಜವಾಗುತ್ತದೆ. ಆದರೆ ಎಂ.ಬಿ.ಬಿ.ಎಸ್. ಮುಗಿಸಿದ ಮೊದಲ ವರ್ಷದ ಮಟ್ಟಿಗೆ ನನ್ನ ಅನುಭವ ಬೇರೆ. ಬೆಂಗಳೂರಿನ ಖಾಸಗಿ ಆಸ್ಪತ್ರೆಗಳಲ್ಲಿ ರಾತ್ರಿಪಾಳಿಯ ಡ್ಯೂಟಿ ಡಾಕ್ಟರಾಗಿ ಸೇರಿದ ನನ್ನ ಸಹಪಾಠಿಗಳಿಗೆ ಬರುತ್ತಿದ್ದ ಸಂಬಳ ಆರೋಗ್ಯ ಕೇಂದ್ರದಲ್ಲಿದ್ದ ನನ್ನ ಸಂಬಳಕ್ಕಿಂತ ಕಡಿಮೆಯಿತ್ತು. ಅದರಲ್ಲಿ ಅರ್ಧದಷ್ಟು ಪೇಯಿಂಗ್ ಗೆಸ್ಟ್ ಕೋಣೆಯ ಬಾಡಿಗೆಗೂ ಊಟಕ್ಕೂ ಹೋಗುತ್ತಿತ್ತು. ಆದರೂ ಅವರು ಅಲ್ಲಿಯೇ ಇದ್ದರು, ವರ್ಷ ಮುಗಿದ ಮೇಲೆ ನಾನೂ ಅಲ್ಲಿಗೇ ಹೋದೆ. ಹಾಗಾಗಿ ದುಡ್ಡಿನ ಮಾತನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡುತ್ತೇನೆ.

ಕಳೆದ ಎರಡು ದಶಕಗಳಲ್ಲಿ ಕರ್ನಾಟಕವು ವೈದ್ಯ ಶಿಕ್ಷಣವನ್ನು ದೊಡ್ಡ ನಗರಗಳಿಂದ ಹೊರಗೆ ತರಲು ನಿಜವಾಗಿಯೂ ಶ್ರಮಪಟ್ಟಿದೆ. ಹಾಸನ, ಮಂಡ್ಯ, ಶಿವಮೊಗ್ಗ, ರಾಯಚೂರು, ಬೀದರ್‌ಗಳಲ್ಲಿ, ಆಮೇಲೆ ಗದಗ, ಕೊಪ್ಪಳ, ಕಾರವಾರ, ಮಡಿಕೇರಿ, ಚಾಮರಾಜನಗರಗಳಲ್ಲಿ, ಈಚೆಗೆ ಹಾವೇರಿ, ಯಾದಗಿರಿ, ಚಿಕ್ಕಮಗಳೂರುಗಳಲ್ಲಿ ಸರ್ಕಾರಿ ಕಾಲೇಜುಗಳು ಬಂದಿವೆ. ಇದರ ಹಿಂದಿರುವ ಆಲೋಚನೆ ಸರಳ: ಹಳ್ಳಿಯಲ್ಲಿ ಬೆಳೆದ ಮಕ್ಕಳನ್ನು ಆರಿಸಿಕೊಂಡು, ಅವರ ಊರಿನ ಹತ್ತಿರವೇ ಓದಿಸಿದರೆ, ಅವರು ಅಲ್ಲಿಯೇ ನೆಲೆ ನಿಲ್ಲುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹೊರಡಿಸಿ 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಗ್ರಾಮೀಣ ಹಿನ್ನೆಲೆಯ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಿ, ರಾಜಧಾನಿಗಳಿಂದ ದೂರದಲ್ಲಿ ಕಾಲೇಜು ಕಟ್ಟಿ, ಓದುವಾಗಲೇ ಹಳ್ಳಿಗಳಿಗೆ ಕಳುಹಿಸಿ ಎಂದು. ಆ ಮಾರ್ಗಸೂಚಿಯನ್ನು ಮುಂದಿಟ್ಟುಕೊಂಡು ಒಬ್ಬ ವಿದ್ಯಾರ್ಥಿಯ ಚಿತ್ರ ಬರೆದರೆ ಅದು ನನ್ನದೇ ಚಿತ್ರವಾಗುತ್ತದೆ. ಹಾಗಿದ್ದೂ ನಾನು ಉಳಿಯಲಿಲ್ಲ.

ಕಾಲೇಜು ಜಿಲ್ಲೆಯಲ್ಲಿತ್ತು, ಆದರೆ ಅಲ್ಲಿ ನಾವು ಕಲಿತ ವೈದ್ಯಕೀಯ ಜಿಲ್ಲೆಯದಾಗಿರಲಿಲ್ಲ. ಇದನ್ನು ನಾನು ಅರ್ಥ ಮಾಡಿಕೊಂಡದ್ದು ಬಹಳ ತಡವಾಗಿ. 1961ರಲ್ಲಿ ವೈದ್ಯ ಸಂಶೋಧಕ ಕೆರ್ ವೈಟ್ ಮತ್ತು ಸಂಗಡಿಗರು ಅಮೆರಿಕ ಮತ್ತು ಬ್ರಿಟನ್ನಿನ ಮಾಹಿತಿಯನ್ನು ಆಧರಿಸಿ ಒಂದು ಲೆಕ್ಕ ಕೊಟ್ಟರು. ಒಂದು ಸಾವಿರ ವಯಸ್ಕರನ್ನು ತೆಗೆದುಕೊಂಡರೆ, ಒಂದು ತಿಂಗಳಲ್ಲಿ ಅವರಲ್ಲಿ 750 ಜನರಿಗೆ ಏನಾದರೊಂದು ಕಾಯಿಲೆ ಅಥವಾ ಪೆಟ್ಟು. 250 ಜನ ವೈದ್ಯರನ್ನು ಕಾಣುತ್ತಾರೆ. 9 ಜನ ಆಸ್ಪತ್ರೆಗೆ ದಾಖಲಾಗುತ್ತಾರೆ. 5 ಜನರನ್ನು ಇನ್ನೊಬ್ಬ ವೈದ್ಯರ ಬಳಿಗೆ ಕಳುಹಿಸಲಾಗುತ್ತದೆ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಬರುವವನು ಒಬ್ಬನೇ ಒಬ್ಬ. ನಾವು ಐದೂವರೆ ವರ್ಷ ನೋಡಿದ್ದು ಆ ಒಬ್ಬನನ್ನು. ನಮ್ಮ ದೇಶದ ಸಂಖ್ಯೆಗಳು ಬೇರೆಯಿದ್ದಾವು, ಆದರೆ ಕಾಲೇಜಿನ ವಾರ್ಡಿಗೆ ರೋಗಿ ತಲುಪುವ ದಾರಿ ಹಾಗೆಯೇ ಇದೆ. ಹಳ್ಳಿಯಲ್ಲಿ ಒಬ್ಬರು, ತಾಲ್ಲೂಕಿನಲ್ಲಿ ಇನ್ನೊಬ್ಬರು ನೋಡಿ, ಎರಡು ಆಂಟಿಬಯೋಟಿಕ್ ಮುಗಿದು, ಕಾಯಿಲೆ ಬಲಿತು, ಮೂರನೆಯ ಕೈಯಲ್ಲಿ ಬಂದವನು ಅವನು. ಕಾಯಿಲೆಯ ಮೊದಲ ದಿನ ಹೇಗಿರುತ್ತದೆಂಬುದನ್ನು ನಾವು ಪುಸ್ತಕದಲ್ಲಿ ಮಾತ್ರ ಓದಿದೆವು.

ನಮಗೆ ಪಾಠ ಹೇಳಿದವರೆಲ್ಲರೂ ತಜ್ಞರು. ಚಿಕಿತ್ಸಾ ವಿಭಾಗಗಳಲ್ಲಿ ಅಧ್ಯಾಪಕರಾಗಬೇಕಾದರೆ ಸ್ನಾತಕೋತ್ತರ ಪದವಿ ಬೇಕೆಂಬುದು ನಿಯಮ, ಅದು ಸರಿಯಾದದ್ದೇ. ಆದರೆ ಇದರ ಪರಿಣಾಮವೇನೆಂದರೆ, ಬರೀ ಎಂ.ಬಿ.ಬಿ.ಎಸ್. ಓದಿ, ದಿನಕ್ಕೆ ಎಂಬತ್ತು ಹೊರರೋಗಿಗಳನ್ನು ನೋಡಿ, ಹೆರಿಗೆ ಮಾಡಿಸಿ, ಊರಿನವರ ಗೌರವಕ್ಕೆ ಪಾತ್ರರಾಗಿ ಬದುಕುವ ಒಬ್ಬ ಸಾಮಾನ್ಯ ವೈದ್ಯರನ್ನು ಕೆಲಸದಲ್ಲಿ ತೊಡಗಿರುವಾಗ ನಾವು ಒಂದು ದಿನವೂ ನೋಡಲಿಲ್ಲ. ನಮ್ಮ ಕಣ್ಣೆದುರಿಗಿದ್ದ ಮಾದರಿಗಳೆಂದರೆ ಸರ್ಜನ್ನರು, ಹೃದ್ರೋಗ ತಜ್ಞರು, ಮಕ್ಕಳ ತಜ್ಞರು. ಅವರಲ್ಲಿಯೂ ಹಲವರು ವಾರಾಂತ್ಯಕ್ಕೆ ರೈಲು ಹಿಡಿದು ಹೆಂಡತಿ ಮಕ್ಕಳಿರುವ ದೊಡ್ಡ ಊರಿಗೆ ಹೋಗುವವರು. ಶುಕ್ರವಾರ ಸಂಜೆ ಅವರು ಬ್ಯಾಗು ಹಿಡಿದು ಹೊರಡುವುದನ್ನು ನೋಡುತ್ತಲೇ ನಾವು ಬೆಳೆದೆವು. ಯಾರೂ ಬಾಯಿಬಿಟ್ಟು ಹೇಳದಿದ್ದರೂ ಬದುಕು ಎಲ್ಲಿದೆಯೆಂಬ ಪಾಠ ನಮಗೆ ಆಗುತ್ತಲೇ ಇತ್ತು.

ಹಳ್ಳಿಯ ಪರಿಚಯವೇ ಇರಲಿಲ್ಲವೆಂದಲ್ಲ. ಕಮ್ಯುನಿಟಿ ಮೆಡಿಸಿನ್ ವಿಭಾಗದ ಬಸ್ಸು ಬೆಳಿಗ್ಗೆ ನಮ್ಮನ್ನು ಗ್ರಾಮೀಣ ಆರೋಗ್ಯ ತರಬೇತಿ ಕೇಂದ್ರಕ್ಕೆ ಕರೆದೊಯ್ದು ಮಧ್ಯಾಹ್ನದ ಊಟಕ್ಕೆ ವಾಪಸು ತರುತ್ತಿತ್ತು. ಮನೆಮನೆಗೆ ಹೋಗಿ ಶೌಚಾಲಯವಿದೆಯೇ, ಕುಡಿಯುವ ನೀರು ಎಲ್ಲಿಂದ ಎಂದು ಕೇಳಿ ನಮೂನೆ ತುಂಬಿದೆವು. ಇಂಟರ್ನ್‌ಶಿಪ್ಪಿನಲ್ಲಿ ಎರಡು ತಿಂಗಳ ಗ್ರಾಮೀಣ ಪೋಸ್ಟಿಂಗ್ ಇತ್ತು. ಅದನ್ನು ನಾವು, ನಾನೂ ಸೇರಿದಂತೆ, ಸ್ನಾತಕೋತ್ತರ ಪ್ರವೇಶ ಪರೀಕ್ಷೆಗೆ ಓದುವ ಬಿಡುವಿನಂತೆ ಬಳಸಿಕೊಂಡೆವು. ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ, ಕೇಂದ್ರದ ಹಿಂದಿನ ಕೋಣೆಯಲ್ಲಿ ಮೊಬೈಲಿನಲ್ಲಿ ಪ್ರಶ್ನೆಗಳನ್ನು ಬಿಡಿಸುತ್ತ ಕುಳಿತಿರುತ್ತಿದ್ದೆವು. ಹೊರಗೆ ಬೆಂಚಿನ ಮೇಲೆ ನಾನು ಮುಂದೆ ನೋಡಬೇಕಾಗಿದ್ದ ರೋಗಿಗಳೇ ಕುಳಿತಿದ್ದರು. ಇದನ್ನು ನೆನೆದರೆ ಇಂದಿಗೂ ನನಗೆ ಸಂಕಟವಾಗುತ್ತದೆ.

ನಮ್ಮ ಅಜ್ಜಂದಿರ ಕಾಲದವರು ‘ಎಲ್.ಎಂ.ಪಿ. ಡಾಕ್ಟರು’ ಎನ್ನುವುದನ್ನು ನೀವು ಕೇಳಿರಬಹುದು. ವೈದ್ಯಕೀಯ ಶಾಲೆಗಳಲ್ಲಿ ಪದವಿಗಿಂತ ಕಡಿಮೆ ಅವಧಿಯ ಶಿಕ್ಷಣ ಪಡೆದು, ಪರವಾನಗಿ ಪಡೆದ ವೈದ್ಯರು ಅವರು. 1946ರಲ್ಲಿ ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಸರ್ ಜೋಸೆಫ್ ಭೋರ್ ಸಮಿತಿ ವರದಿ ಕೊಟ್ಟಾಗ ದೇಶದ ನೋಂದಾಯಿತ ವೈದ್ಯರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಇಂಥವರೇ ಇದ್ದರು. ಮುಂದೆ ಒಂದೇ ಬಗೆಯ, ಒಂದೇ ಮಟ್ಟದ ‘ಮೂಲ ವೈದ್ಯ’ ಸಾಕು ಎಂದು ಸಮಿತಿ ಶಿಫಾರಸು ಮಾಡಿತು. ಕೆಲವು ಸದಸ್ಯರು ಇದನ್ನು ಒಪ್ಪಿರಲಿಲ್ಲ. ಹಳ್ಳಿಯವರಿಗೆ ಕಡಿಮೆ ಓದಿದ ವೈದ್ಯ, ಪಟ್ಟಣದವರಿಗೆ ಹೆಚ್ಚು ಓದಿದ ವೈದ್ಯ ಎಂಬ ಭೇದ ಇರಬಾರದೆಂಬ ಸಮಿತಿಯ ನಿಲುವು ನ್ಯಾಯವಾದದ್ದೆಂದೇ ನಾನು ನಂಬುತ್ತೇನೆ. ಆದರೆ ಆ ಮೂಲ ವೈದ್ಯನಿಗೆ ರೋಗ ತಡೆಗಟ್ಟುವ ಕೆಲಸದಲ್ಲೂ ಸಮುದಾಯದ ಬದುಕಿನಲ್ಲೂ ತರಬೇತಿ ಇರಬೇಕೆಂದು ಅದೇ ಸಮಿತಿ ಹೇಳಿದ್ದು ಸೊರಗಿತು. 1977ರಲ್ಲಿ ಪ್ರತಿ ಕಾಲೇಜೂ ಮೂರು ಗ್ರಾಮೀಣ ಬ್ಲಾಕುಗಳ ಆರೋಗ್ಯದ ಹೊಣೆ ಹೊರಬೇಕೆಂಬ ಯೋಜನೆ ಬಂತು, ಅದೂ ಬೇರೂರಲಿಲ್ಲ. ಎಲ್.ಎಂ.ಪಿ. ಹೋದರು; ಅವರ ಜಾಗಕ್ಕೆ ಬಂದ ಎಂ.ಬಿ.ಬಿ.ಎಸ್. ಪದವಿ, ತಾನೇ ಒಂದು ಪೂರ್ಣ ವೃತ್ತಿಯಾಗುವ ಬದಲು, ಎಂ.ಡಿ. ಎಂಬ ಸ್ನಾತಕೋತ್ತರ ಪದವಿಗೆ ಹತ್ತುವ ಮೆಟ್ಟಿಲಾಯಿತು.

2021ರ ಅಕ್ಟೋಬರಿನ ಒಂದು ಸಂಜೆಯನ್ನು ಇಲ್ಲಿ ವಿವರವಾಗಿ ಹೇಳಬೇಕು. ಶೇಂಗಾ ಕೀಳುವ ಕಾಲ. ಏಳು ಗಂಟೆಯ ಹೊತ್ತಿಗೆ ಬೈಕಿನ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡು ಮೂವತ್ತರ ಆಸುಪಾಸಿನ ಒಬ್ಬನನ್ನು ಕರೆತಂದರು. ಬಲಗಾಲಿನ ಪಾದ ಊದಿಕೊಂಡು ಚರ್ಮ ಬಿಗಿದು ಹೊಳೆಯುತ್ತಿತ್ತು, ಮೊಣಕಾಲಿನ ಕೆಳಗೆ ಟವೆಲ್ಲನ್ನು ಬಿಗಿಯಾಗಿ ಕಟ್ಟಿದ್ದರು. ಕೊಳಕುಮಂಡಲ ಹಾವು ಕಚ್ಚಿದೆಯೆಂದು ಜೊತೆಗಿದ್ದವರು ಹೇಳಿದರು. ನಮ್ಮ ಕೇಂದ್ರದಲ್ಲಿದ್ದ ಪ್ರಯೋಗಶಾಲೆ ಸಂಜೆ ಮುಚ್ಚಿರುತ್ತಿತ್ತು, ಆದರೆ ಹಾವಿನ ವಿಷ ರಕ್ತಕ್ಕೆ ಏರಿದೆಯೇ ಎಂದು ನೋಡಲು ಪ್ರಯೋಗಶಾಲೆ ಬೇಕಿಲ್ಲ. ಒಣಗಿದ, ಸ್ವಚ್ಛವಾದ ಗಾಜಿನ ನಳಿಕೆಯಲ್ಲಿ ಎರಡು ಮಿಲಿಲೀಟರ್ ರಕ್ತ ತೆಗೆದು, ಅಲುಗಾಡಿಸದೆ ಇಪ್ಪತ್ತು ನಿಮಿಷ ಇಟ್ಟು, ಆಮೇಲೆ ಒಂದು ಸಲ ಓರೆ ಮಾಡಿ ನೋಡಬೇಕು. ಹೆಪ್ಪುಗಟ್ಟಿದ್ದರೆ ಸರಿ, ನೀರಿನಂತೆ ಹರಿದರೆ ವಿಷ ಏರಿದೆ. ಪ್ಲಾಸ್ಟಿಕ್ ನಳಿಕೆಯಾದರೆ ಪರೀಕ್ಷೆ ದಾರಿ ತಪ್ಪಿಸುತ್ತದೆ. ಗಾಜಿನ ನಳಿಕೆಯನ್ನು ಹುಡುಕಿ ಕೊಟ್ಟವರು ಅಲ್ಲಿ ಇಪ್ಪತ್ತು ವರ್ಷದಿಂದ ಇದ್ದ ಶುಶ್ರೂಷಾಧಿಕಾರಿ. ಕಾಲಿನ ಕಟ್ಟನ್ನು ಒಮ್ಮೆಲೇ ಬಿಚ್ಚಬಾರದು, ಡ್ರಿಪ್ ಹಾಕಿ, ಔಷಧಿ ಸಿದ್ಧವಿಟ್ಟುಕೊಂಡು ಮೆಲ್ಲಗೆ ಸಡಿಲಿಸಬೇಕೆಂದು ನೆನಪಿಸಿದವರೂ ಅವರೇ.

ಆ ಇಪ್ಪತ್ತು ನಿಮಿಷ ನಾನು ಮೇಜಿನ ಮೇಲಿನ ನಳಿಕೆಯನ್ನೇ ನೋಡುತ್ತ ನಾಲ್ಕು ಫೋನ್ ಮಾಡಿದೆ. ಒಂದನ್ನು ಯಾರೂ ಎತ್ತಲಿಲ್ಲ. ಎತ್ತಿದವರಲ್ಲಿ ಇಬ್ಬರು, ಸುಮ್ಮನೆ ರೆಫರ್ ಮಾಡಿಬಿಡು, ಏಕೆ ಮೈಮೇಲೆ ಎಳೆದುಕೊಳ್ಳುತ್ತೀ ಎಂದರು. ಅವರನ್ನು ತಪ್ಪೆನ್ನಲಾರೆ. ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ ಕುದುರೆಯ ರಕ್ತದಿಂದ ತಯಾರಾದದ್ದು. ಅದನ್ನು ಕೊಟ್ಟಾಗ ಕೆಲವರಿಗೆ ರಕ್ತದೊತ್ತಡ ಕುಸಿದು ಉಸಿರು ಕಟ್ಟುವಂಥ ಪ್ರತಿಕ್ರಿಯೆ ಆಗುತ್ತದೆ. ಕಾಲೇಜಿನಲ್ಲಿ ಹಾವು ಕಚ್ಚಿದ ಎಷ್ಟೋ ರೋಗಿಗಳನ್ನು ನಾನು ನೋಡಿದ್ದೆ, ಆದರೆ ಎಲ್ಲರನ್ನೂ ತೀವ್ರ ನಿಗಾ ಘಟಕದಲ್ಲಿ, ವೆಂಟಿಲೇಟರಿನ ಪಕ್ಕದಲ್ಲಿ, ಬೇರೆ ಯಾರೋ ಮೊದಲ ಡೋಸ್ ಕೊಟ್ಟಾದ ಮೇಲೆ. ಮೊದಲ ಬಾಟಲಿಯ ಪುಡಿಗೆ ನೀರು ಸೇರಿಸಿ, ನೊರೆ ಬರದಂತೆ ಮೆಲ್ಲಗೆ ತಿರುಗಿಸಿ ಕರಗಿಸುವ ಕೆಲಸವನ್ನು ನನ್ನ ಕೈ ಎಂದೂ ಮಾಡಿರಲಿಲ್ಲ. ಜಿಲ್ಲಾಸ್ಪತ್ರೆ ಐವತ್ತು ಕಿಲೋಮೀಟರ್ ದೂರ. ನಳಿಕೆಯನ್ನು ಓರೆ ಮಾಡಿದೆ, ರಕ್ತ ಹರಿಯಿತು. ಸಿಸ್ಟರ್ ನನ್ನ ಮುಖ ನೋಡಿ, “ಇಲ್ಲೇ ಶುರು ಮಾಡೂಣ್ರೀ ಮೇಡಂ, ನಾ ನಿಮ್ಮ ಸಂಗಟ ನಿಂತೀನಿ” ಎಂದರು.

ಅಂಥ ಪ್ರತಿಕ್ರಿಯೆಗೆ ಕೊಡುವ ಅಡ್ರಿನಲಿನ್ನನ್ನು ಸಿರಿಂಜಿನಲ್ಲಿ ತುಂಬಿಟ್ಟುಕೊಂಡು ಪ್ರತಿವಿಷದ ಹತ್ತು ಬಾಟಲಿಗಳನ್ನು ಸಲೈನಿಗೆ ಸೇರಿಸಿ ಹಚ್ಚಿದೆವು. ಹದಿನೈದನೆಯ ನಿಮಿಷಕ್ಕೆ ಅವನ ಮೈಯೆಲ್ಲ ದದ್ದು ಎದ್ದು, ನಡುಕ ಬಂತು, ನಾಡಿ ತೆಳ್ಳಗಾಯಿತು. ಡ್ರಿಪ್ ನಿಲ್ಲಿಸಿ ತೊಡೆಗೆ ಅಡ್ರಿನಲಿನ್ ಚುಚ್ಚಿದೆ. ಸ್ವಲ್ಪ ಹೊತ್ತಿನ ಮೇಲೆ ನಾಡಿ ಮರಳಿತು, ನಿಧಾನವಾಗಿ ಮತ್ತೆ ಶುರು ಮಾಡಿದೆವು, 108 ಬಂತು, ಹತ್ತು ಗಂಟೆಗೆ ಹೊರಟಿತು. ಅವನು ಬದುಕಿದ. ಎರಡು ವಾರದ ಮೇಲೆ ಕಾಲಿನ ಗಾಯಕ್ಕೆ ಡ್ರೆಸ್ಸಿಂಗ್ ಮಾಡಿಸಿಕೊಳ್ಳಲು ನಡೆದುಕೊಂಡೇ ಬಂದ. ನನ್ನ ವೃತ್ತಿಯಲ್ಲಿ ನಾನು ಮಾಡಿದ ಅತ್ಯಂತ ಉಪಯುಕ್ತ ಕೆಲಸ ಬಹುಶಃ ಅದೇ; ಬೆಂಗಳೂರಿನಲ್ಲಿ ನಾನು ಇಲ್ಲದಿದ್ದರೆ ಇನ್ನೊಬ್ಬರಿರುತ್ತಾರೆ, ಅಂದು ಅಲ್ಲಿ ಇನ್ನೊಬ್ಬರಿರಲಿಲ್ಲ.

ನಾನು ಹಳ್ಳಿಯನ್ನು ಬಿಡುವ ನಿರ್ಧಾರ ಮಾಡಿದ್ದೂ ಆ ರಾತ್ರಿಯೇ. ಇದು ವಿಚಿತ್ರವೆನಿಸಬಹುದು. ಆಂಬುಲೆನ್ಸ್ ಹೋದ ಮೇಲೆ ವಸತಿಗೃಹದ ಮೆಟ್ಟಿಲ ಮೇಲೆ ಕುಳಿತಾಗ ನನ್ನ ಕೈ ನಡುಗುತ್ತಿತ್ತು. ಅವನು ಸತ್ತಿದ್ದರೆ ಎಂಬ ಯೋಚನೆ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ನಾನು ಮಾಡಿದ್ದು ಸರಿಯೇ, ಬಾಟಲಿಗಳನ್ನು ಹಚ್ಚಿದ ವೇಗ ಹೆಚ್ಚಾಯಿತೇ, ಪ್ರತಿಕ್ರಿಯೆಯನ್ನು ಎರಡು ನಿಮಿಷ ಮೊದಲೇ ಗುರುತಿಸಬಹುದಿತ್ತೇ ಎಂದು ಕೇಳಲು ನನಗೆ ಒಬ್ಬರೂ ಇರಲಿಲ್ಲ. ಕಾಲೇಜಿನಲ್ಲಾದರೆ ಮರುದಿನ ಬೆಳಿಗ್ಗೆ ರೌಂಡ್ಸಿನಲ್ಲಿ ಮೇಷ್ಟರು ಗದರಿಸಿಯಾದರೂ ತಿದ್ದುತ್ತಿದ್ದರು. ಆ ವಾರದ ತಾಲ್ಲೂಕು ಮಟ್ಟದ ಸಭೆಯಲ್ಲಿ ನನ್ನನ್ನು ಕೇಳಿದ್ದು ಕೋವಿಡ್ ಲಸಿಕೆಯ ಗುರಿ ಎಷ್ಟು ಬಾಕಿಯಿದೆ, ಪೋರ್ಟಲಿನಲ್ಲಿ ಗರ್ಭಿಣಿಯರ ನೋಂದಣಿ ಏಕೆ ತಡವಾಗಿದೆ ಎಂಬುದನ್ನು. ಆ ಪ್ರಶ್ನೆಗಳೂ ಬೇಕಾದವೇ. ಆದರೆ ಇಪ್ಪತ್ತನಾಲ್ಕು ವರ್ಷದ ಒಬ್ಬ ವೈದ್ಯೆ ಮೊದಲ ಬಾರಿಗೆ ಒಬ್ಬಳೇ ನಿಂತು ಒಂದು ಜೀವ ಉಳಿಸಿದ್ದನ್ನು ಅಥವಾ ಕಳೆದುಕೊಳ್ಳುವ ಅಂಚಿಗೆ ಹೋದದ್ದನ್ನು ಕುರಿತು ಮಾತಾಡಲು ಆ ವ್ಯವಸ್ಥೆಯಲ್ಲಿ ಯಾವ ಜಾಗವೂ ಇರಲಿಲ್ಲ. ಹೀಗೆ ಹತ್ತು ವರ್ಷ ಇದ್ದರೆ ನಾನು ಒಳ್ಳೆಯ ವೈದ್ಯೆಯಾಗುತ್ತೇನೆಯೇ, ಅಥವಾ ನನ್ನ ತಪ್ಪುಗಳನ್ನೇ ಅಭ್ಯಾಸ ಮಾಡಿಕೊಳ್ಳುತ್ತೇನೆಯೇ ಎಂಬ ಭಯ ನನ್ನನ್ನು ಹಿಡಿಯಿತು. ನಗರಕ್ಕೆ ಹೋದ ನನ್ನ ಎಷ್ಟೋ ಸಹಪಾಠಿಗಳನ್ನು ಕೇಳಿದ್ದೇನೆ. ಬೇರೆ ಬೇರೆ ಮಾತುಗಳಲ್ಲಿ ಅವರೆಲ್ಲ ಈ ಭಯವನ್ನೇ ಹೇಳಿದ್ದಾರೆ.

ಉಳಿದ ಕಾರಣಗಳು ಇದರ ಮೇಲೆ ಬಂದು ಕೂಡಿಕೊಳ್ಳುತ್ತವೆ. ಸ್ನಾತಕೋತ್ತರ ಪ್ರವೇಶಕ್ಕೆ ಇರುವುದು ನೀಟ್-ಪಿ.ಜಿ., ಇನ್ನೂರು ಬಹುಆಯ್ಕೆ ಪ್ರಶ್ನೆಗಳ ಪರೀಕ್ಷೆ, ಈಚಿನ ವರ್ಷಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ನೋಂದಾಯಿಸಿಕೊಳ್ಳುತ್ತಿದ್ದಾರೆ. ಹಳ್ಳಿಯಲ್ಲಿ ಕಲಿಯುವ ಯಾವ ಕೌಶಲಕ್ಕೂ ಅಲ್ಲಿ ಅಂಕವಿಲ್ಲ. ಹಾವು ಕಚ್ಚಿದವನನ್ನು ಉಳಿಸಿದ ಸಂಜೆ ನನ್ನ ಲೆಕ್ಕದಲ್ಲಿ ಓದಿಗೆ ತಪ್ಪಿಹೋದ ಸಂಜೆ. ಸೇವೆಯಲ್ಲಿರುವ ಸರ್ಕಾರಿ ವೈದ್ಯರಿಗೆ ಸ್ನಾತಕೋತ್ತರ ಸೀಟುಗಳಲ್ಲಿ ಮೀಸಲಾತಿ ಕೊಡುವ ಅಧಿಕಾರ ರಾಜ್ಯಗಳಿಗಿದೆಯೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದ್ದು ಒಳ್ಳೆಯ ಬೆಳವಣಿಗೆ. ಆದರೆ ಗುತ್ತಿಗೆಯ ಮೇಲೆ, ಒಂದು ವರ್ಷದ ಮಟ್ಟಿಗೆ ಹೋದ ನನ್ನಂಥವರಿಗೆ ಅದರಿಂದ ಪ್ರಯೋಜನವಿರಲಿಲ್ಲ.

ತಜ್ಞರಾದ ಮೇಲಾದರೂ ಹಿಂದಿರುಗಬಹುದಲ್ಲ ಎಂದು ಅತ್ತೆ ಕೇಳುತ್ತಾರೆ. ಇಲ್ಲಿ ಸಮಸ್ಯೆ ಇನ್ನಷ್ಟು ಗಂಟಾಗುತ್ತದೆ. ನನ್ನ ಪತಿ ಅರಿವಳಿಕೆ ತಜ್ಞರು. ಶಸ್ತ್ರಚಿಕಿತ್ಸಾ ಕೊಠಡಿ, ಸರ್ಜನ್ನರು, ರಕ್ತದ ದಾಸ್ತಾನು ಇಲ್ಲದ ಕಡೆ ಅವರ ವಿದ್ಯೆಗೆ ಕೆಲಸವಿಲ್ಲ. ಅರಿವಳಿಕೆ ತಜ್ಞರಿಲ್ಲದ ಕಡೆ ಪ್ರಸೂತಿ ತಜ್ಞೆ ಸಿಸೇರಿಯನ್ ಮಾಡಲಾರರು. ಮಕ್ಕಳ ತಜ್ಞರಿಲ್ಲದ ಕಡೆ ಅವಧಿಪೂರ್ವ ಹೆರಿಗೆಯ ಹೊಣೆ ಹೊರಲು ಅವರು ಹಿಂಜರಿಯುತ್ತಾರೆ. ಒಬ್ಬ ತಜ್ಞರನ್ನು ಒಂದು ತಾಲ್ಲೂಕಿಗೆ ಹಾಕಿದರೆ ಅವರು ಕೆಲಸವಿಲ್ಲದೆ ತಮ್ಮ ಕೈಚಳಕ ಕಳೆದುಕೊಳ್ಳುತ್ತಾರೆ ಅಥವಾ ಬಿಟ್ಟು ಹೋಗುತ್ತಾರೆ, ಅವರು ಬಿಟ್ಟು ಹೋದರೆಂದು ಇನ್ನೊಬ್ಬರು ಬರುವುದಿಲ್ಲ. ಸಮುದಾಯ ಆರೋಗ್ಯ ಕೇಂದ್ರವೆಂದರೆ ಬಯಲು ಸೀಮೆಯಲ್ಲಿ 1,20,000 ಜನರಿಗೆ ಒಂದು, ಅಲ್ಲಿ ಸರ್ಜನ್, ಫಿಸಿಷಿಯನ್, ಪ್ರಸೂತಿ ತಜ್ಞ, ಮಕ್ಕಳ ತಜ್ಞ ಇರಬೇಕು. ಕೇಂದ್ರ ಸರ್ಕಾರದ 2021-22ರ ಗ್ರಾಮೀಣ ಆರೋಗ್ಯ ಅಂಕಿಅಂಶಗಳಲ್ಲಿ ಇಂಥ ಕೇಂದ್ರಗಳ ತಜ್ಞರ ಕೊರತೆ ದೇಶದಲ್ಲಿ ಶೇ. 80ರ ಸಮೀಪವಿತ್ತು. ಎಂ.ಬಿ.ಬಿ.ಎಸ್. ವೈದ್ಯರಿಗೆ ಕೆಲವು ತಿಂಗಳ ಅರಿವಳಿಕೆ ತರಬೇತಿ ಕೊಟ್ಟು ತುರ್ತು ಹೆರಿಗೆಗಳಿಗೆ ಸಿದ್ಧಪಡಿಸುವ ಯೋಜನೆ ಇದೆ. ಅಂಥ ತರಬೇತಿ ಪಡೆದವರಲ್ಲಿ ನನಗೆ ಗೊತ್ತಿರುವ ಒಬ್ಬರು, ಪ್ರಸೂತಿ ತಜ್ಞರಿಲ್ಲದ ಕೇಂದ್ರಕ್ಕೆ ವರ್ಗವಾಗಿ ಎರಡು ವರ್ಷದಿಂದ ಒಬ್ಬರಿಗೂ ಅರಿವಳಿಕೆ ಕೊಟ್ಟಿಲ್ಲ. ನಾವಿಬ್ಬರೂ ಒಂದೇ ತಾಲ್ಲೂಕಿಗೆ ಹೋಗಿ, ಅಲ್ಲಿ ಇನ್ನಿಬ್ಬರು ಮೂವರು ಸಿಕ್ಕಿ, ಐದಾರು ವರ್ಷ ಯಾರನ್ನೂ ವರ್ಗ ಮಾಡುವುದಿಲ್ಲವೆಂಬ ಭರವಸೆ ಇದ್ದರೆ ನಾಳೆಯೇ ಹೊರಡಬಹುದೆಂದು ನಾವು ಮಾತಾಡಿಕೊಂಡಿದ್ದೇವೆ. ಇದು ಬರೀ ಬಾಯಿಮಾತಲ್ಲ.

ವಸತಿಗೃಹದ ಸೋರುವ ಮಾಳಿಗೆ, ರಾತ್ರಿ ಕುಡಿದು ಬಂದು ಬಾಗಿಲು ಬಡಿಯುವವರು, ಮಕ್ಕಳ ಶಾಲೆ ಇವೆಲ್ಲ ಎಲ್ಲರಿಗೂ ಗೊತ್ತಿರುವ ಸಂಗತಿಗಳು. ವೈದ್ಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು 2009ರಿಂದಲೇ ರಾಜ್ಯದಲ್ಲಿ ಕಾನೂನಿದೆ. ರಾತ್ರಿ ಒಬ್ಬಳೇ ಇರುವ ವೈದ್ಯೆಗೆ ಬೇಕಾದದ್ದು ಗೇಟಿನಲ್ಲಿ ಒಬ್ಬ ಕಾವಲುಗಾರ.

ಕಡ್ಡಾಯ ಸೇವೆಯ ವಿಚಾರದಲ್ಲಿ ನನ್ನ ಅಭಿಪ್ರಾಯ ಬದಲಾಗಿದೆ. ವೈದ್ಯಕೀಯ ಓದಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂಬ ಕರ್ನಾಟಕದ ಕಾಯ್ದೆ 2012ರದು, ಜಾರಿಗೆ ಬಂದದ್ದು 2015ರಲ್ಲಿ; ಹೈಕೋರ್ಟು ಅದನ್ನು ಎತ್ತಿಹಿಡಿಯಿತು; 2023ರಲ್ಲಿ ತಿದ್ದುಪಡಿಯಾಗಿ, ಖಾಲಿ ಹುದ್ದೆಗಳಿದ್ದಷ್ಟಕ್ಕೆ ಸೇವೆ ಎಂದಾಯಿತು. ವಿದ್ಯಾರ್ಥಿಯಾಗಿದ್ದಾಗ ನಾನು ಇದನ್ನು ಅನ್ಯಾಯವೆನ್ನುತ್ತಿದ್ದೆ. ಈಗ ಹಾಗೆನ್ನುವುದಿಲ್ಲ; ಜನರ ತೆರಿಗೆಯಲ್ಲಿ ಓದಿದವಳು ಒಂದು ವರ್ಷ ಕೊಡಬೇಕೆಂಬುದರಲ್ಲಿ ಅನ್ಯಾಯವೇನೂ ಇಲ್ಲ. ನನ್ನ ತಕರಾರು ಇರುವುದು ಆ ವರ್ಷವನ್ನು ನಾವು ತೀರಿಸಬೇಕಾದ ಸಾಲದಂತೆ ಮಾತ್ರ ಕಂಡದ್ದರ ಬಗ್ಗೆ. ಸಾಲ ತೀರಿದ ದಿನ ಎಲ್ಲರೂ ಹೊರಡುತ್ತಾರೆ. ನಾನು ಹೋಗುವ ಮೊದಲು ಆ ಕೇಂದ್ರದಲ್ಲಿ ಮೂರು ವರ್ಷಕ್ಕೆ ಮೂವರು ವೈದ್ಯರು ಬಂದು ಹೋಗಿದ್ದರು. ಊರಿನವರು ಯಾರ ಹೆಸರನ್ನೂ ನೆನಪಿಟ್ಟುಕೊಂಡಿರಲಿಲ್ಲ, ನನ್ನನ್ನೂ ಬಹಳ ದಿನ “ಈ ವರ್ಷದ ಡಾಕ್ಟರಮ್ಮ” ಎಂದೇ ಕರೆಯುತ್ತಿದ್ದರು. ರಕ್ತದೊತ್ತಡದ ಗುಳಿಗೆಯನ್ನು ಜೀವನಪರ್ಯಂತ ತೆಗೆದುಕೊಳ್ಳಬೇಕೆಂದು ವರ್ಷಕ್ಕೊಬ್ಬರು ಬಂದು ಹೇಳಿದರೆ ಜನ ಹೇಗೆ ನಂಬುತ್ತಾರೆ?

ಹಳ್ಳಿಯಲ್ಲಿ ಉಳಿದ ವೈದ್ಯರು ನಮ್ಮ ರಾಜ್ಯದಲ್ಲಿಲ್ಲವೇ ಎಂದರೆ, ಇದ್ದಾರೆ, ಅವರ ಕಥೆಯನ್ನು ನಾನು ಈಗ ಬೇರೆ ಕಣ್ಣಿನಿಂದ ನೋಡುತ್ತೇನೆ. ಡಾ. ಎಚ್. ಸುದರ್ಶನ್ ಬೆಂಗಳೂರಿನಲ್ಲಿ ಓದಿದವರು, 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳಾಗಿದ್ದ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಆರಂಭಿಸಿ ಹೆಗ್ಗಡದೇವನಕೋಟೆಯ ಕಾಡಂಚಿಗೆ ಹೋದರು. ಇವರು ನಗರದ ಕಾಲೇಜುಗಳಲ್ಲಿ ಓದಿ ಹಳ್ಳಿಯಲ್ಲಿ ಉಳಿದರು. ಜಿಲ್ಲೆಯ ಕಾಲೇಜಿನಲ್ಲಿ ಓದಿದ ನಾವು ನಗರಕ್ಕೆ ಬಂದೆವು. ಅವರ ತ್ಯಾಗವನ್ನು ಎಲ್ಲರೂ ಕೊಂಡಾಡುತ್ತಾರೆ, ನಾನೂ ಕೊಂಡಾಡುತ್ತೇನೆ. ಆದರೆ ಅವರ ಸುತ್ತ ಒಂದು ಸಂಸ್ಥೆ ಬೆಳೆಯಿತು, ಕೆಲಸ ಹಂಚಿಕೊಳ್ಳುವ ಗೆಳೆಯರು ಬಂದರು, ರಾತ್ರಿ ಬಾಗಿಲು ತಟ್ಟಿ ಕೇಳಲು ಇನ್ನೊಬ್ಬರಿದ್ದರು ಎಂಬುದನ್ನು ಯಾರೂ ಹೇಳುವುದಿಲ್ಲ. ಜಪಾನಿನ ಜಿಚಿ ವೈದ್ಯಕೀಯ ವಿಶ್ವವಿದ್ಯಾಲಯ 1972ರಿಂದ ಅಲ್ಲಿನ 47 ಪ್ರಾಂತ್ಯಗಳಿಂದಲೂ ಎರಡು ಮೂರು ವಿದ್ಯಾರ್ಥಿಗಳನ್ನು ಆರಿಸಿ, ಓದು ಮುಗಿದ ಮೇಲೆ ಒಂಬತ್ತು ವರ್ಷ ತಮ್ಮದೇ ಪ್ರಾಂತ್ಯದಲ್ಲಿ ಸೇವೆ ಮಾಡಿದರೆ ಶುಲ್ಕದ ಸಾಲ ಮನ್ನಾ ಮಾಡುತ್ತದೆ. ಅವಧಿ ಮುಗಿದ ಮೇಲೂ ಬಹುಪಾಲು ಜನ ಸ್ವಂತ ಪ್ರಾಂತ್ಯದಲ್ಲಿಯೇ ಉಳಿದಿದ್ದಾರೆ. ಒಂಬತ್ತು ವರ್ಷವೆಂದರೆ ಒಬ್ಬ ವೈದ್ಯರು ಒಂದು ಸೀಮೆಯ ಜನರನ್ನು ಅರಿಯಲು, ಅಲ್ಲಿ ತಮ್ಮ ಹಿರಿಯರನ್ನೂ ಕಿರಿಯರನ್ನೂ ಕಂಡುಕೊಳ್ಳಲು ಸಾಕಾಗುವ ಕಾಲ.

ನಮ್ಮ ಜಿಲ್ಲಾ ಕಾಲೇಜುಗಳಿಗೂ ಇದು ಅಸಾಧ್ಯವಲ್ಲ. ಪ್ರತಿ ಕಾಲೇಜಿನಲ್ಲಿಯೂ ಮೆಡಿಸಿನ್, ಪ್ರಸೂತಿ, ಮಕ್ಕಳ ವಿಭಾಗಗಳಲ್ಲಿ ರಾತ್ರಿಯಿಡೀ ಎಚ್ಚರವಿರುವವರಿದ್ದಾರೆ. ಜಿಲ್ಲೆಯ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಕರೆ ಮಾಡಬಹುದಾದ ಒಂದು ಫೋನು, ಅದನ್ನು ಎತ್ತಲೇಬೇಕಾದ ಒಬ್ಬ ಹಿರಿಯರು, ಮತ್ತು ತಿಂಗಳಿಗೊಮ್ಮೆ ಆ ವೈದ್ಯರನ್ನು ಕಾಲೇಜಿಗೆ ಕರೆಸಿ ಅವರು ನೋಡಿದ ಕಷ್ಟದ ರೋಗಿಗಳ ಬಗ್ಗೆ ಒಂದು ದಿನದ ಚರ್ಚೆ. ಇಷ್ಟಕ್ಕೆ ಹೊಸ ಕಟ್ಟಡ ಬೇಕಿಲ್ಲ. ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾಸ್ಪತ್ರೆಯಲ್ಲಿ ಕೆಲಸ ಮಾಡುವ ವ್ಯವಸ್ಥೆ ಈಗಾಗಲೇ ಬಂದಿದೆ, ಅದನ್ನು ತಾಲ್ಲೂಕಿಗೆ ಒಯ್ಯಬಹುದು. ಇಂಟರ್ನ್‌ಗಳಿಗೆ ಹಳ್ಳಿಯಲ್ಲಿ ಕಲಿಸುವ ಹೊಣೆಯನ್ನು ಹಳ್ಳಿಯಲ್ಲಿಯೇ ಕೆಲಸ ಮಾಡಿದ ವೈದ್ಯರಿಗೂ, ನನಗೆ ಕಲಿಸಿದ ಆ ಸಿಸ್ಟರಿನಂಥವರಿಗೂ ಗೌರವಧನ ಕೊಟ್ಟು ವಹಿಸಬಹುದು. ಕುಟುಂಬ ವೈದ್ಯಶಾಸ್ತ್ರವೆಂಬ ಸ್ನಾತಕೋತ್ತರ ವಿಷಯವೇ ಇದೆ. ಎಲ್ಲ ವಯಸ್ಸಿನವರನ್ನು, ಎಲ್ಲ ಬಗೆಯ ಕಾಯಿಲೆಯ ಮೊದಲ ದಿನವನ್ನು ನೋಡಬಲ್ಲ ತಜ್ಞರನ್ನು ಅದು ತಯಾರು ಮಾಡುತ್ತದೆ. ಜಿಲ್ಲಾ ಕಾಲೇಜುಗಳಲ್ಲಿ ಮೊದಲು ತೆರೆಯಬೇಕಾಗಿದ್ದ ವಿಭಾಗ ಅದೇ ಎಂದು ನನಗನಿಸುತ್ತದೆ. ನನ್ನ ಕಾಲದಲ್ಲಿ ನಮ್ಮ ಕಾಲೇಜಿನಲ್ಲಿ ಅದಿದ್ದಿದ್ದರೆ ನಾನು ಅದನ್ನೇ ಓದುತ್ತಿದ್ದೆ.

ಆ ಸಿಸ್ಟರ್ ಇನ್ನೂ ಅಲ್ಲಿಯೇ ಇದ್ದಾರೆ. ಕಳೆದ ತಿಂಗಳು ಒಂದು ರಾತ್ರಿ ಒಂಬತ್ತೂವರೆಗೆ ಅವರ ನಂಬರಿನಿಂದ ಫೋನ್ ಬಂತು. ಮಾತಾಡಿದವರು ಈಗ ಅಲ್ಲಿರುವ ವೈದ್ಯೆ, ಜಿಲ್ಲಾ ಕಾಲೇಜಿನಲ್ಲಿಯೇ ಓದಿದವರು. ಚೇಳು ಕಚ್ಚಿದ ನಾಲ್ಕು ವರ್ಷದ ಮಗು, ಮೈ ತಣ್ಣಗಾಗಿ ಬೆವರುತ್ತಿದೆ, ಚೇಳಿನ ವಿಷಕ್ಕೆ ಕೊಡುವ ಪ್ರಜೋಸಿನ್ ಔಷಧಿ ಎಷ್ಟು ಕೊಡಲಿ ಎಂದು ಕೇಳಿದರು. ಮಗುವಿನ ತೂಕ ಕೇಳಿ ಲೆಕ್ಕ ಹಾಕಿ ಹೇಳಿದೆ, ಅರ್ಧ ಗಂಟೆಗೊಮ್ಮೆ ರಕ್ತದೊತ್ತಡ ನೋಡಿ ತಿಳಿಸಿರೆಂದೆ, ಹನ್ನೆರಡರವರೆಗೆ ಫೋನಿನಲ್ಲಿಯೇ ಇದ್ದೆವು. ಮಗುವಿನ ಕೈಕಾಲು ಬೆಚ್ಚಗಾದವೆಂದು ಹೇಳಿದ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಡಂ, ಏಪ್ರಿಲ್‌ಗೆ ನನ್ನ ವರ್ಷ ಮುಗೀತದ. ನೀಟ್‌ಗೆ ನೀವು ಓದಿದ ನೋಟ್ಸ್ ಇದ್ರ ಕಳಸ್ತೀರೇನ್ರೀ?” ಎಂದರು. ಮರುದಿನ ಬೆಳಿಗ್ಗೆ ಡ್ಯೂಟಿಗೆ ಹೋಗುವ ಮೊದಲು ಎಲ್ಲವನ್ನೂ ಕಟ್ಟಿ ಕೊರಿಯರಿಗೆ ಕೊಟ್ಟೆ. ಹಾವಿನ ಪ್ರತಿವಿಷದ ಬಗ್ಗೆ ಆ ವರ್ಷ ನಾನು ಕೈಬರಹದಲ್ಲಿ ಬರೆದುಕೊಂಡಿದ್ದ ಎರಡು ಹಾಳೆಗಳನ್ನೂ ಮೇಲೆಯೇ ಇಟ್ಟೆ.